ನೈಟ್ ಪ್ಯಾಂಟಿನ ಸುಖ ಎಲಾಸ್ಟಿಕ್ಕಿನಲ್ಲಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕರಲ್ಲಿ ಯಾವ ಊರಿನ ಪೇಟೆಬೀದಿಗೆ ಹೋದರೂ ರೆಡಿಮೇಡ್ ಅಂಗಡಿಗಳ ಬಾಗಿಲಲ್ಲಿ ನೈಟ್ ಪ್ಯಾಂಟುಗಳು ನೇತಾಡುತ್ತಿರುತ್ತವೆ. ಸಂತೆಯ ದಿನವಾದರೆ ಟಾರ್ಪಾಲಿನ ಮೇಲೆ ರಾಶಿಯೇ ಬಿದ್ದಿರುತ್ತದೆ. ಕೊಳ್ಳುವವರು ಅದನ್ನು ಪರೀಕ್ಷಿಸುವ ಕ್ರಮ ಎಲ್ಲ ಕಡೆಯೂ ಒಂದೇ. ಎಲಾಸ್ಟಿಕ್ಕನ್ನು ಎರಡು ಕೈಯಲ್ಲಿ ಜಗ್ಗುತ್ತಾರೆ, ಬಟ್ಟೆಯನ್ನು ಬೆರಳಲ್ಲಿ ಉಜ್ಜುತ್ತಾರೆ, ಸೊಂಟಕ್ಕೆ ಹಿಡಿದು ಉದ್ದ ಪಾದಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ. ಮೂರೂ ಸರಿಯಿದ್ದರೆ ಚೌಕಾಸಿ ಶುರು. ಮನೆಗೆ ತಂದು ನಾಲ್ಕು ದಿನ ಹಾಕಿದ ಮೇಲೆ ಕಿರಿಕಿರಿಗಳು ಒಂದೊಂದಾಗಿ ಗೊತ್ತಾಗುತ್ತವೆ. ನೆಲದ ಮೇಲೆ ಕೂತರೆ ಹಿಂದೆ ಜಾರುತ್ತದೆ, ತೊಡೆಸಂದಿನಲ್ಲಿ ಹಿಡಿಯುತ್ತದೆ, ಮೆಟ್ಟಿಲು ಹತ್ತುವಾಗ ಮಂಡಿಯ ಬಳಿ ಎಳೆಯುತ್ತದೆ, ಕೊನೆಗೊಂದು ದಿನ ನಡುವಿನ ಹೊಲಿಗೆಯೇ ಬಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಮಾಡಿದ ಮೂರು ಪರೀಕ್ಷೆಗಳಲ್ಲಿ ಯಾವುದಕ್ಕೂ ಇವು ಸಿಗುವುದಿಲ್ಲ. ಎರಡು ಕಾಲು ಕೂಡುವ ಜಾಗದಲ್ಲಿ ಬಟ್ಟೆಯನ್ನು ಎಷ್ಟು ಆಳಕ್ಕೆ, ಯಾವ ತಿರುವಿನಲ್ಲಿ ಕತ್ತರಿಸಿದ್ದಾರೆ ಎಂಬುದರಿಂದ ಇವೆಲ್ಲ ಹುಟ್ಟುತ್ತವೆ. ಟೈಲರ್‌ಗಳು ಸೀಟು ಎನ್ನುವ ಈ ಭಾಗವೇ ಸಡಿಲ ಪ್ಯಾಂಟಿನ ಸುಖದುಃಖವನ್ನು ನಿರ್ಧರಿಸುತ್ತದೆ. ಅದು ಒಬ್ಬೊಬ್ಬರ ಮೈಗೂ ಬೇರೆ. ಹಾಗಾಗಿ ನಮ್ಮ ಸೀಟನ್ನು ಒಮ್ಮೆ ಕಾಗದದ ಮೇಲೆ ಬರೆದು, ಕತ್ತರಿಸಿ, ಆ ಪ್ಯಾಟರ್ನಿಟ್ಟು ಮನೆಯಲ್ಲೇ ಪ್ಯಾಂಟು ಹೊಲಿದುಕೊಳ್ಳುವುದು ಹವ್ಯಾಸಕ್ಕಷ್ಟೇ ಮಾಡುವ ಕೆಲಸವಾಗಬೇಕಿಲ್ಲ. ಅದಕ್ಕೆ ಗಟ್ಟಿಯಾದ ಕಾರಣವಿದೆ ಎಂಬುದು ಈ ಲೇಖನದ ವಾದ.

ಈ ತಿರುವಿನ ಲೆಕ್ಕ ನಮ್ಮ ಮನೆಗಳಿಗೆ ತಡವಾಗಿ ಬಂದದ್ದು. ಪಂಚೆ, ಲುಂಗಿ, ಸೀರೆ ಎಲ್ಲವೂ ನೇರ ಬಟ್ಟೆಗಳು. ಕಚ್ಚೆ ಹಾಕಿದರೂ ಕತ್ತರಿ ತಾಗುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರ ಭಿಕ್ಷುಗಳಲ್ಲೂ ಅಷ್ಟೇ. ಅವರು ಸೊಂಟದಿಂದ ಕೆಳಗೆ ಉಡುವ ಕೆಂಪು ವಸ್ತ್ರ ನೆರಿಗೆ ಹಿಡಿದು, ಪಟ್ಟಿ ಬಿಗಿದು ನಿಲ್ಲಿಸುವಂಥದು. ಇಂಥ ಉಡುಪುಗಳಲ್ಲಿ ಉಡುವವರ ಕೈಯೇ ಟೈಲರ್. ಪ್ರತಿದಿನ ಬೆಳಿಗ್ಗೆ ಅದು ಮೈಗೆ ತಕ್ಕಂತೆ ಹೊಸದಾಗಿ ಅಳತೆ ಮಾಡುತ್ತದೆ. ಉತ್ತರದಿಂದ ಬಂದ ಹಳೆಯ ಕಾಲದ ಪೈಜಾಮ ಕೂಡ ತಿರುವಿನ ತಂಟೆಗೆ ಹೋಗಿರಲಿಲ್ಲ. ನೇರ ತುಂಡುಗಳನ್ನೇ ಜೋಡಿಸಿ, ಕಾಲುಗಳ ನಡುವೆ ಒಂದು ಚೌಕದ ಅಥವಾ ಮೂಲೆಯಾಕಾರದ ತುಂಡು ಸೇರಿಸಿ ಓಡಾಟಕ್ಕೆ ಜಾಗ ಮಾಡುತ್ತಿದ್ದರು. ಉರ್ದು ಮಾತಾಡುವ ಟೈಲರ್‌ಗಳು ಅದನ್ನು ಮಿಯಾನಿ ಎನ್ನುತ್ತಾರೆ. ಇವತ್ತಿನ ಕಾರ್ಖಾನೆಯ ಪ್ಯಾಂಟಿನಲ್ಲಿ ಮಿಯಾನಿ ಇಲ್ಲ, ತಿರುವು ಇದೆ. ಆ ತಿರುವು ಆಳವಾದಷ್ಟೂ, ಒಳತೊಡೆಯ ಕಡೆಗೆ ಬಟ್ಟೆ ಹೊರಚಾಚಿದಷ್ಟೂ ಒಂದು ಥಾನಿನಲ್ಲಿ ಇಳಿಯುವ ಪ್ಯಾಂಟುಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಗ್ಗದ ಉಡುಪಿನಲ್ಲಿ ದೊಡ್ಡ ಖರ್ಚು ಬಟ್ಟೆಯದೇ ಆದ್ದರಿಂದ ಉಳಿತಾಯದ ಕತ್ತರಿ ಮೊದಲು ಬೀಳುವುದು ಇಲ್ಲಿಗೇ. ಜೇಬು ತೆಗೆದರೆ ಗಿರಾಕಿಗೆ ತಕ್ಷಣ ಗೊತ್ತಾಗುತ್ತದೆ, ಸೀಟಿನಲ್ಲಿ ಒಂದಿಂಚು ಕದ್ದರೆ ಗೊತ್ತಾಗುವುದಿಲ್ಲ.

ಸೈಜಿನ ಚೀಟಿಯನ್ನು ನಂಬಬಹುದಲ್ಲ ಎಂದು ಕೇಳಬಹುದು. ಎಂ, ಎಲ್, ಎಕ್ಸೆಲ್ ಎಂಬ ವಿಂಗಡಣೆಯ ಬೇರು ಸೈನ್ಯದ ಸಮವಸ್ತ್ರದಲ್ಲಿದೆ. ಸಾವಿರಾರು ಜನರಿಗೆ ಒಟ್ಟಿಗೆ ಉಡುಪು ಒದಗಿಸಬೇಕಾದಾಗ ಮೈಗಳನ್ನು ನಾಲ್ಕಾರು ಗುಂಪು ಮಾಡುವುದು ಅನಿವಾರ್ಯವಾಗಿತ್ತು. (19ನೇ ಶತಮಾನದಲ್ಲಿ ಸೈನ್ಯಕ್ಕೆ ಚರ್ಮದ ಸಾಮಾನು, ಕಂಬಳಿ ಒದಗಿಸುತ್ತಿದ್ದ ಹುಣಸೂರಿಗೆ ಈ ಸಗಟು ಲೆಕ್ಕ ಅಪರಿಚಿತವೇನಲ್ಲ.) ಭಾರತದ ಮೈಗಳಿಗೆ ಸ್ವಂತ ಅಳತೆಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಾದ ನಿಫ್ಟ್ ‘ಇಂಡಿಯಾಸೈಜ್’ ಸಮೀಕ್ಷೆ ಘೋಷಿಸಿದ್ದು 2018ರಲ್ಲಿ. ಅದುವರೆಗೆ ನಮ್ಮ ರೆಡಿಮೇಡ್ ಉದ್ಯಮ ನಡೆದದ್ದು ಹೆಚ್ಚಾಗಿ ಅಮೆರಿಕ, ಇಂಗ್ಲೆಂಡುಗಳ ಪಟ್ಟಿಗಳನ್ನು ಅಲ್ಲಿಲ್ಲಿ ತಿದ್ದಿಕೊಂಡು. ಸಮೀಕ್ಷೆಯ ಗುರಿ ಆರು ನಗರಗಳ 25,000 ಜನರನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವುದು. ಒಳ್ಳೆಯ ಕೆಲಸ. ಆದರೆ ಆ ಪಟ್ಟಿ ಎಷ್ಟೇ ಸರಿಯಾಗಿ ಬಂದರೂ ಅದು ನೆಟ್ಟಗೆ ನಿಂತ ನಗರದ ಮೈಯ ಪಟ್ಟಿ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಕ್ಕರುಗಾಲಲ್ಲಿ ಪಾತ್ರೆ ತೊಳೆಯುವ, ಕೆ.ಆರ್. ನಗರದ ನಾಲೆಯಂಚಿನ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಮೈಗೆ ಬೇಕಾದ ಲೆಕ್ಕ ಬೇರೆ. ಕೂತಾಗ ಸೊಂಟದ ಹಿಂಭಾಗದಿಂದ ತೊಡೆಸಂದಿನವರೆಗಿನ ಉದ್ದ ಬೆಳೆಯುತ್ತದೆ, ಮುಂಭಾಗ ಕುಗ್ಗುತ್ತದೆ. ಬೆನ್ನಿಗೆ ಟೇಪು ಹಿಡಿದು ಒಮ್ಮೆ ನಿಂತು, ಒಮ್ಮೆ ಕುಕ್ಕರುಗಾಲಲ್ಲಿ ಕೂತು ಅಳೆದರೆ ಯಾರಿಗಾದರೂ ಇದು ಕಾಣುತ್ತದೆ. ಕುರ್ಚಿಯಲ್ಲಿ ಕೂರುವವರಿಗೆ ಸಾಕಾಗುವ ಹಿಂಬದಿ ನೆಲದಲ್ಲಿ ಕೂರುವವರಿಗೆ ಸಾಲದು. ಪ್ಯಾಂಟು ಜಾರಿತೆಂದು ನಾವು ಎಲಾಸ್ಟಿಕ್ಕನ್ನು ಬಿಗಿ ಮಾಡಿಸುತ್ತೇವೆ. ಬಟ್ಟೆಯ ಕೊರತೆಯನ್ನು ರಬ್ಬರಿನಿಂದ ತುಂಬಲು ಹೊರಟು ಹೊಟ್ಟೆಯ ಸುತ್ತ ಬರೆ ಎಳೆಸಿಕೊಳ್ಳುತ್ತೇವೆ.

ಕಾಗದದ ಪ್ಯಾಟರ್ನು ಇದಕ್ಕೆ ಹೇಗೆ ಮದ್ದು? ಅಳತೆವಾರು ಕತ್ತರಿಸಿದ ಕಾಗದದ ನಮೂನೆಗಳನ್ನು ಮಾರಾಟಕ್ಕೆ ತಂದವನು ಅಮೆರಿಕದ ಮ್ಯಾಸಚೂಸೆಟ್ಸಿನ ಟೈಲರ್ ಎಬೆನೆಜರ್ ಬಟರಿಕ್, 1863ರಲ್ಲಿ. ಹೊಲಿಗೆಯಂತ್ರ ಮನೆಗಳಿಗೆ ಬರತೊಡಗಿದ್ದರೂ ಕಟಿಂಗ್ ಮಾತ್ರ ಟೈಲರ್‌ನ ಕೈಯಲ್ಲೇ ಉಳಿದಿದ್ದ ಕಾಲ ಅದು. ನಮ್ಮಲ್ಲಿ ಆ ಸ್ಥಿತಿ ಇನ್ನೂ ಹೋಗಿಲ್ಲ. ಮನೆಯಲ್ಲಿ ಮೆಷಿನ್ ಇದೆ, ಹರಿದದ್ದು ಹೊಲಿಯುತ್ತಾರೆ, ಸೀರೆಗೆ ಫಾಲ್ ಹಚ್ಚುತ್ತಾರೆ, ದಿಂಬಿನ ಕವರ್ ಮಾಡುತ್ತಾರೆ. ಹೊಸ ಬಟ್ಟೆಗೆ ಕತ್ತರಿ ಇಡಲು ಮಾತ್ರ ಅಂಜಿಕೆ. ಈ ಅಂಜಿಕೆಗೆ ಅರ್ಥವಿದೆ, ಏಕೆಂದರೆ ಬಟ್ಟೆಯ ಮೇಲೆ ತಪ್ಪಿದರೆ ದುಡ್ಡು ಹೋಗುತ್ತದೆ. ಕಾಗದದ ಮೇಲೆ ತಪ್ಪಿದರೆ ಹಳೆಯ ಪೇಪರ್ ಹೋಗುತ್ತದೆ, ಅಷ್ಟೇ. ದಿನಪತ್ರಿಕೆಯ ಎರಡು ಮೂರು ಹಾಳೆಗಳನ್ನು ಅಂಟಿಸಿಕೊಂಡರೆ ಒಂದು ಕಾಲಿನ ಪ್ಯಾಟರ್ನಿಗೆ ಬೇಕಾದ ಜಾಗ ಸಿಗುತ್ತದೆ. ನುರಿತ ಟೈಲರ್‌ಗಳು ಕಾಗದವಿಲ್ಲದೆ ಬಟ್ಟೆಯ ಮೇಲೇ ಚಾಕ್ ಎಳೆದು ಕತ್ತರಿಸುತ್ತಾರಲ್ಲ ಎಂದರೆ, ಅವರು ದಿನಕ್ಕೆ ಹತ್ತು ಕತ್ತರಿಸುತ್ತಾರೆ, ಲೆಕ್ಕ ಕೈಯಲ್ಲೇ ಕೂತಿರುತ್ತದೆ. ಆರು ತಿಂಗಳಿಗೊಮ್ಮೆ ಹೊಲಿಯುವವರ ಕೈಗೆ ಆ ನೆನಪು ಇರಲಾರದು. ಅದನ್ನು ಹೊರಗೆ ಎಲ್ಲಾದರೂ ಇಡಬೇಕು.

ಬರೆಯುವ ಕ್ರಮ ಹೈಸ್ಕೂಲಿನ ಜ್ಯಾಮಿತಿಯನ್ನು ಮೀರುವುದಿಲ್ಲ. ಬೇಕಾದ ಅಳತೆಗಳು ಮೂರು: ಸೀಟಿನ ದಪ್ಪ ಭಾಗದ ಸುತ್ತಳತೆ, ಸೊಂಟದಿಂದ ಪಾದದ ಗಂಟಿನವರೆಗಿನ ಉದ್ದ, ಮತ್ತು ಕೂರುವ ಆಳ. ಕೊನೆಯದನ್ನು ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂತು, ಸೊಂಟದಿಂದ ಬೆಂಚಿನ ಹಲಗೆಯವರೆಗೆ ಪಕ್ಕದಲ್ಲಿ ಅಳೆಯಬೇಕು. ಅದಕ್ಕೆ ಒಂದೂವರೆ ಇಂಚು ಸಡಿಲ ಸೇರಿಸಬೇಕು. ಸೀಟು 40 ಇಂಚು ಎಂದುಕೊಳ್ಳಿ. ನೆಲದಲ್ಲಿ ಕೂರುವವರಿಗೆ ಆರಿಂಚು ಸಡಿಲ ಕೊಟ್ಟರೆ 46, ಅದರ ಕಾಲುಭಾಗ ಹನ್ನೊಂದೂವರೆ. ಕಾಗದದ ನಡುವೆ ಒಂದು ನೇರ ಗೆರೆ ಎಳೆಯಿರಿ. ಅದು ಕಾಲಿನ ಹೊರಪಕ್ಕ, ಅಲ್ಲಿ ಹೊಲಿಗೆ ಇರುವುದಿಲ್ಲ. ಗೆರೆಯ ಒಂದು ಕಡೆ ಹನ್ನೊಂದೂವರೆ ಇಂಚು ಮುಂಭಾಗ, ಇನ್ನೊಂದು ಕಡೆ ಹನ್ನೊಂದೂವರೆ ಹಿಂಭಾಗ. ಕೂರುವ ಆಳದ ಮಟ್ಟದಲ್ಲಿ ಮುಂಭಾಗ ಸೀಟಿನ ಹದಿನಾರನೇ ಒಂದರಷ್ಟು, ಅಂದರೆ ಎರಡೂವರೆ ಇಂಚು ಹೊರಚಾಚಬೇಕು. ಹಿಂಭಾಗ ಎಂಟನೇ ಒಂದರಷ್ಟು, ಅಂದರೆ ಐದಿಂಚು. ಮುಂದಿನ ತಿರುವನ್ನು ಚಿಕ್ಕದಾಗಿ, ಹಿಂದಿನದನ್ನು ಓರೆಯಾಗಿ ಇಳಿಸಿ ಆಮೇಲೆ ತಿರುಗಿಸಬೇಕು. ಹಿಂಬದಿಯ ಸೊಂಟವನ್ನು ಎರಡು ಇಂಚು ಎತ್ತಬೇಕು. ನಮ್ಮ ಕುಕ್ಕರುಗಾಲಿಗೆ ಉತ್ತರ ಕೊಡುವುದು ಈ ಎರಡಿಂಚೇ. ಮೊದಲ ಸಲ ಬರೆದ ಕಾಗದವನ್ನು ಎತ್ತಿ ನೋಡಿದರೆ ಎರಡು ಬದಿಗಳು ಒಂದರಂತೆ ಇನ್ನೊಂದಿಲ್ಲದೆ ಸೊಟ್ಟಗೆ ಕಾಣುತ್ತವೆ, ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ಸೊಟ್ಟಗಿರುವುದೇ ಸರಿ, ಮುಂದೆ ಹಿಂದೆ ಒಂದೇ ಸಮ ಇದ್ದರೆ ಪ್ಯಾಂಟು ಹಾಳು.

ಇನ್ನೊಂದು ದಾರಿಯೂ ಇದೆ. ಮನೆಯಲ್ಲಿ ಹಾಕಿ ಹಾಕಿ ಸವೆದ, ಆದರೆ ಮೈಗೆ ಹಿತವಾಗಿದ್ದ ಹಳೆಯ ಪ್ಯಾಂಟೊಂದನ್ನು ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಬಿಚ್ಚಲು ಮನಸ್ಸಿಲ್ಲದಿದ್ದರೆ ಒಂದು ಕಾಲನ್ನು ಇನ್ನೊಂದರೊಳಗೆ ತೂರಿಸಿ, ಹೊಲಿಗೆಯ ಗುಂಟ ಗುಂಡುಪಿನ್ನು ಚುಚ್ಚುತ್ತಾ ಹೋದರೆ ಕಾಗದದ ಮೇಲೆ ಚುಕ್ಕಿಗಳ ಸಾಲು ಬೀಳುತ್ತದೆ. ಇದು ಸುಲಭ, ಆದರೆ ಹಳೆಯ ಬಟ್ಟೆ ಮಂಡಿಯಲ್ಲಿ, ಹಿಂಬದಿಯಲ್ಲಿ ಉಬ್ಬಿರುತ್ತದೆ ಎಂಬುದನ್ನು ಮರೆಯಬಾರದು. ಅಳತೆ ಹಿಡಿದು ಬರೆದ ಗೆರೆಯನ್ನೂ ಇದನ್ನೂ ಒಂದರ ಮೇಲೊಂದಿಟ್ಟು ನೋಡುವುದು ಜಾಣತನ.

ಬಟ್ಟೆಯ ಲೆಕ್ಕ ಹಲವರು ಊಹಿಸುವಷ್ಟು ದೊಡ್ಡದಲ್ಲ. ಮೇಲಿನ ಅಳತೆಗೆ ಹೊಲಿಗೆಯ ಮಾರ್ಜಿನ್ ಸೇರಿ ಒಂದು ಕಾಲಿನ ಅಗಲ ಸುಮಾರು 32 ಇಂಚು; 36 ಇಂಚಿನ ಪನ್ನದ ಬಟ್ಟೆಯಲ್ಲೇ ಕೂರುತ್ತದೆ. ಸೀಟು 44ರವರೆಗೂ ಈ ಪನ್ನ ಸಾಕು, ಅದಕ್ಕಿಂತ ದಪ್ಪವಿದ್ದರೆ 44 ಇಂಚಿನ ಪನ್ನ ಬೇಕು. ಉದ್ದದಲ್ಲಿ ಎರಡು ಕಾಲಿಗೆ, ಮಡಿಕೆಗಳೆಲ್ಲ ಸೇರಿ, ಎರಡೂಕಾಲು ಮೀಟರ್; ಕುಗ್ಗುವುದನ್ನು ಎಣಿಸಿ ಎರಡೂವರೆ ತರಬೇಕು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರವರೆಗೆ ಕುಗ್ಗಬಹುದು. ಹಾಗೆಂದರೆ 40 ಇಂಚಿಗೆ ಎರಡಿಂಚಿನವರೆಗೂ ಹೋದೀತು, ಅಂದರೆ ಹಿಂಬದಿಗೆಂದು ಲೆಕ್ಕ ಹಾಕಿ ಎತ್ತಿದ್ದು ಬಕೆಟ್ಟಿನಲ್ಲೇ ಕರಗಿಹೋಯಿತು. ಆದ್ದರಿಂದ ಕತ್ತರಿಸುವ ಮುಂಚೆ ರಾತ್ರಿಯಿಡೀ ನೆನೆಸಿ, ಹಿಂಡದೆ ಒಣಗಿಸುವುದು ಕಡ್ಡಾಯ. ಪಾಪ್ಲಿನ್, ಕೇಂಬ್ರಿಕ್ ಚೆನ್ನ. ಮೈಗಂಟುವ ಪಾಲಿಯೆಸ್ಟರಿಗೆ ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಹಳೆಯ ಹತ್ತಿ ಸೀರೆ ಎಲ್ಲಕ್ಕಿಂತ ಉತ್ತಮ. ಐದೂವರೆ ಮೀಟರ್ ಸೀರೆಯಲ್ಲಿ ಎರಡು ಪ್ಯಾಂಟು ಇಳಿದು ಜೇಬಿಗೂ ಉಳಿಯುತ್ತದೆ, ಕುಗ್ಗುವ ಭಯವಂತೂ ಎಂದೋ ಮುಗಿದಿರುತ್ತದೆ. ನೆರಿಗೆಯ ಕಡೆ, ಅಂಚಿನ ಕಡೆ ಬಟ್ಟೆ ಪಿಸಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಪಿಸಿದ ಭಾಗ ಸೀಟಿಗೆ ಬರದಂತೆ ಪ್ಯಾಟರ್ನು ಇಡಬೇಕು, ಅಷ್ಟೇ. ಕಾಗದದ ನಡುಗೆರೆ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಲಿ. ಬಟ್ಟೆ ಉಳಿಸಲೆಂದು ಓರೆಯಿಟ್ಟರೆ ನಾಲ್ಕು ಒಗೆತಕ್ಕೆ ಕಾಲು ತಿರುಚಿಕೊಂಡು ಒಳಹೊಲಿಗೆ ಮೊಣಕಾಲ ಮೇಲಕ್ಕೆ ಬರುತ್ತದೆ.

ಹೊಲಿಯುವ ಕೆಲಸ ಚಿಕ್ಕದು, ಆದರೆ ಅದರ ಸರದಿ ತಪ್ಪಬಾರದು. ಮೊದಲು ಪ್ರತಿ ಕಾಲಿನ ಒಳತೊಡೆಯ ಹೊಲಿಗೆ. ಈಗ ಎರಡು ಕೊಳವೆಗಳಾದವು. ಒಂದನ್ನು ಮೇಲ್ಮುಖ ಹೊರಗೆ ಮಾಡಿ, ಒಳಮುಖ ಹೊರಗಿರುವ ಇನ್ನೊಂದರೊಳಗೆ ತೂರಿಸಬೇಕು. ಆಗ ಎರಡು ಕಾಲುಗಳ ಸೀಟಿನ ತಿರುವು ಒಂದರ ಮೇಲೊಂದು ಬಂದು, ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ಒಂದೇ ಉದ್ದನೆಯ ಗೆರೆಯಾಗುತ್ತದೆ. ಅದಕ್ಕೆ ಕಚ್ಚಾ ಹೊಲಿಗೆ ಹಾಕಿ, ಹಾಕಿಕೊಂಡು, ಕೂತು ಎದ್ದು ನೋಡಬೇಕು. ಸರಿಯಿದ್ದರೆ ಮೆಷಿನ್ ಹೊಲಿಗೆ, ತಿರುವಿನಲ್ಲಿ ಎರಡು ಸಲ. ಆ ಜಾಗದಲ್ಲಿ ಬಟ್ಟೆ ಓರೆಯಾಗಿದ್ದು ಎಳೆತಕ್ಕೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಅಗ್ಗದ ಪ್ಯಾಂಟು ಕೂತಾಗ ಪರ್ರೆನ್ನುವುದು ಇದೇ ಕಾರಣಕ್ಕೆ. ಮನೆಯಲ್ಲಿ ಓವರ್‌ಲಾಕ್ ಮೆಷಿನ್ ಇಲ್ಲದವರು ಅಂಚುಗಳನ್ನು ಒಳಗೆ ಮಡಚಿ ಇನ್ನೊಂದು ಹೊಲಿಗೆ ಹಾಕಿದರೆ ಸಾಕು. ಸೊಂಟದ ಮಡಿಕೆಯಲ್ಲಿ ಎರಡಿಂಚು ಬಾಯಿ ಬಿಟ್ಟು ಎಲಾಸ್ಟಿಕ್ ತೂರಿಸಬೇಕು, ಬಟ್ಟೆಗೆ ಸೇರಿಸಿ ಹೊಲಿಯಬಾರದು. ರಬ್ಬರು ಬಟ್ಟೆಗಿಂತ ಮೊದಲು ಸಾಯುತ್ತದೆ. ತೂರಿಸಿದ್ದಾದರೆ ಹತ್ತು ನಿಮಿಷದಲ್ಲಿ ಬದಲಿಸಬಹುದು, ಬೇಡವೆಂದರೆ ಲಾಡಿ ಹಾಕಿಕೊಳ್ಳಬಹುದು.

ಆಕ್ಷೇಪಗಳಲ್ಲಿ ಮೊದಲನೆಯದು ದುಡ್ಡಿನದು. ಸಂತೆಯ ಪ್ಯಾಂಟಿನ ಬೆಲೆಗೆ ಎರಡೂವರೆ ಮೀಟರ್ ಒಳ್ಳೆಯ ಹತ್ತಿ ಬಟ್ಟೆಯೂ ಬರುವುದು ಅನುಮಾನ. ನಿಜ. ಮನೆಹೊಲಿಗೆ ಅಗ್ಗ ಎಂದು ವಾದಿಸುವವರು ತಮ್ಮ ಹೊತ್ತಿಗೆ ಬೆಲೆ ಕಟ್ಟದೆ ಮಾತಾಡುತ್ತಾರೆ. ಆದರೆ ಹೋಲಿಕೆ ಪ್ಯಾಂಟಿಗೆ ಪ್ಯಾಂಟಲ್ಲ, ಬಾಳಿಕೆಯ ದಿನಗಳಿಗೆ ಮಾಡಬೇಕು. ಹಳೆಯ ಸೀರೆಯಿಂದ ಹೊಲಿದದ್ದಕ್ಕಂತೂ ಬಟ್ಟೆಯ ಖರ್ಚೇ ಇಲ್ಲ. ಎರಡನೆಯದು, ಊರಲ್ಲಿ ಟೈಲರ್ ಇದ್ದಾರಲ್ಲ, ಅವರ ಹೊಟ್ಟೆಯ ಮೇಲೆ ಹೊಡೆಯುವುದೇಕೆ ಎಂಬುದು. ಲೈನಿಂಗ್ ಬ್ಲೌಸಿಗೆ ಸಿಗುವ ಕೂಲಿಯ ಮುಂದೆ ನೈಟ್ ಪ್ಯಾಂಟಿನ ಕೂಲಿ ಏನೇನೂ ಅಲ್ಲ, ಮದುವೆ ಕಾಲದಲ್ಲಿ ಅದನ್ನು ಕೈಗೆತ್ತಿಕೊಳ್ಳಲು ಯಾವ ಟೈಲರ್‌ಗೂ ಪುರಸೊತ್ತಿಲ್ಲ. ಅವರಿಗೆ ಬೇಡದ ಕೆಲಸವನ್ನು ಮನೆಯಲ್ಲಿ ಮಾಡಿಕೊಂಡರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಮೂರನೆಯದು ಹೆಚ್ಚು ಗಟ್ಟಿಯಾದದ್ದು: ಹೆಂಗಸರಿಗೆ ನೈಟಿ, ಗಂಡಸರಿಗೆ ಲುಂಗಿ ಇರುವಾಗ ಈ ಪ್ಯಾಂಟಿನ ಹಂಗೇಕೆ? ಸುಖದಲ್ಲಿ ಲುಂಗಿಯನ್ನು ಸೋಲಿಸುವ ಉಡುಪಿಲ್ಲ ಎಂಬುದನ್ನು ಒಪ್ಪಿಬಿಡೋಣ. ಆದರೆ ಹಾಸ್ಟೆಲಿನ ಹುಡುಗಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ, ರಾತ್ರಿ ಬಸ್ಸಿಗೆ, ಸ್ಕೂಟರ್ ಮೇಲೆ ಹಾಲಿನ ಡೇರಿಗೆ ಹೋಗುವವರಿಗೆ ಲುಂಗಿ ನೈಟಿ ಎರಡೂ ಒದಗುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹೊಗೆಸೊಪ್ಪಿನ ಕೆಲಸವನ್ನು ಇದಕ್ಕೆ ಸೇರಿಸಬೇಕು. ಸೊಪ್ಪು ಮುರಿಯುವಾಗ, ಕಡ್ಡಿಗೆ ಕಟ್ಟುವಾಗ ಅಂಟು ಮೈಗೆ ಹತ್ತುತ್ತದೆ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದೊಳಗೆ ಇಳಿದು ತಲೆಸುತ್ತು, ವಾಂತಿ ತರುವುದನ್ನು ವೈದ್ಯರು ಗುರುತಿಸಿ ಹೆಸರಿಟ್ಟಿದ್ದಾರೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಶರ್ಟು ಹಾಕಿಕೊಂಡು ಹೊಲಕ್ಕಿಳಿಯುವ ಹೆಂಗಸರು ಮೈಯ ಮೇಲ್ಭಾಗದ ಸಮಸ್ಯೆಯನ್ನು ತಾವೇ ಬಿಡಿಸಿಕೊಂಡಿದ್ದಾರೆ, ಕಾಲಿನದು ಹಾಗೇ ಉಳಿದಿದೆ. ಕುಕ್ಕರುಗಾಲಿಗೆ ಒದಗುವ, ಒಗೆದು ಬೇರೆ ಇಡಬಹುದಾದ ದಪ್ಪ ಹತ್ತಿಯ ಪ್ಯಾಂಟು ಅಲ್ಲಿಗೂ ಬೇಕು. ಸೊಪ್ಪು ಹದಮಾಡುವ ಬ್ಯಾರನ್ನಿಗೆ ರಾತ್ರಿಯಿಡೀ ಸೌದೆ ಹಾಕುತ್ತಾ ಕೂರುವ ಗಂಡಸರಿಗೂ ಬೇಕು. ಬೆಂಕಿಯ ಬಾಯಿಯ ಮುಂದೆ ಲುಂಗಿಯ ಸಡಿಲ ಅಂಚು ಒಳ್ಳೆಯ ಜೊತೆಗಾರನಲ್ಲ.

ಇಷ್ಟಿದ್ದೂ ನಮ್ಮ ಹೊಲಿಗೆ ತರಬೇತಿಗಳು ಈ ಉಡುಪನ್ನು ಲೆಕ್ಕಕ್ಕಿಟ್ಟಿಲ್ಲವೆನ್ನಬೇಕು. ತರಬೇತಿಗೇನೂ ಕೊರತೆಯಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮೈಸೂರಿನಲ್ಲೂ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು, ಸಲಕರಣೆಗೆ 15,000 ರೂಪಾಯಿಯ ನೆರವಿದೆ. ಊರೂರಿನ ಖಾಸಗಿ ಕ್ಲಾಸುಗಳು ಬೇರೆ. ಆದರೆ ಕಲಿಕೆಯ ದಾರಿ ಸಾಮಾನ್ಯವಾಗಿ ಲಂಗದಿಂದ ನೇರ ಬ್ಲೌಸಿಗೆ ಹಾರುತ್ತದೆ. ಬ್ಲೌಸು ಹೊಲಿಗೆಯಲ್ಲೇ ಕಠಿಣವಾದದ್ದು: ಕಾಲಿಂಚು ತಪ್ಪಿದರೂ ತೋಳು ಏಳುವುದಿಲ್ಲ, ಡಾಟ್ ಕೂರುವುದಿಲ್ಲ. ಅಲ್ಲಿ ಸೋತವರ ಮೆಷಿನ್ನಿನ ಮೇಲೆ ಕೆಲವೇ ತಿಂಗಳಲ್ಲಿ ಒಗೆದ ಬಟ್ಟೆಯ ರಾಶಿ ಕೂರುತ್ತದೆ. ಬ್ಲೌಸು ಕಲಿತರೆ ತಾನೇ ಸಂಪಾದನೆ ಎಂಬ ಸಮರ್ಥನೆಯನ್ನು ತಳ್ಳಿಹಾಕಲಾಗದು. ಆದರೆ ನಡುವೆ ಒಂದು ವಾರ ಸಡಿಲ ಪ್ಯಾಂಟಿಗೆ ಕೊಟ್ಟರೆ ಸುತ್ತಳತೆಯ ಕಾಲುಭಾಗ, ಸಡಿಲ, ತಿರುವು, ನೂಲಿನ ದಿಕ್ಕು, ಮಾರ್ಜಿನ್ ಎಲ್ಲವೂ ಅರ್ಧ ಇಂಚಿನ ತಪ್ಪನ್ನು ಸಹಿಸುವ ಉಡುಪಿನಲ್ಲೇ ಕೈಗೆ ಬರುತ್ತವೆ. ತಪ್ಪನ್ನು ಸಹಿಸುತ್ತದೆ, ಆದರೆ ಮುಚ್ಚಿಡುವುದಿಲ್ಲ ಎಂಬುದು ಇದರ ಇನ್ನೊಂದು ಗುಣ. ಮುಂದೆ ತೊಡೆಸಂದಿನಿಂದ ಮೀಸೆಯಂತೆ ಗೆರೆಗಳು ಹರಡಿದರೆ ಮುಂಭಾಗದ ಚಾಚು ಸಾಲದು. ಹಿಂದೆ ಬಟ್ಟೆ ಒಳಕ್ಕೆ ಸಿಕ್ಕಿಕೊಂಡರೆ ಹಿಂದಿನ ಚಾಚು ಸಾಲದು. ಕೂತಾಗ ಮಾತ್ರ ಜಾರಿದರೆ ಹಿಂಬದಿ ಇನ್ನೂ ಏರಬೇಕು. ಪ್ರತಿಯೊಂದಕ್ಕೂ ಕಾಗದದ ಅಂಚಿಗೆ ಅರ್ಧ ಇಂಚಿನ ಪಟ್ಟಿ ಅಂಟಿಸಿದರೆ ಮುಂದಿನ ಪ್ಯಾಂಟು ತಿದ್ದಿಕೊಂಡು ಬರುತ್ತದೆ. ಪ್ಯಾಟರ್ನಿನ ಮೇಲೆ ಹೆಸರು, ಸೀಟಿನ ಅಳತೆ, ಬರೆದ ತಿಂಗಳು ನಮೂದಿಸಿ ಸುರುಳಿ ಸುತ್ತಿಟ್ಟರೆ ಪಕ್ಕದ ಮನೆಯವರಿಗೂ ಕೊಡಬಹುದು. ಅವರು ಕುಳ್ಳಗಿದ್ದರೆ ಪಾದದ ಬಳಿ ಕತ್ತರಿಸದೆ ಮಂಡಿಯ ಮಟ್ಟದಲ್ಲಿ ಕಾಗದ ಮಡಚಿಕೊಳ್ಳಲಿ. ಸೀಟಿನ ತಿರುವನ್ನು ಮಾತ್ರ ಅವರವರ ಅಳತೆಗೆ ಹೊಸದಾಗಿಯೇ ಎಳೆದುಕೊಳ್ಳಬೇಕು.